ನೂರು ಮೀಟರಿನ ಕಲ್ಲು

ನಮ್ಮ ಕಡೆ ಬ್ರಾಂದಿ ಅಂಗಡಿಯ ಸನ್ನದು ಹೆಂಗಸಿನ ಹೆಸರಲ್ಲಿರುವುದು ಹೊಸದೇನಲ್ಲ. ಹೆಂಡತಿಯ ಹೆಸರು, ಅತ್ತೆಯ ಹೆಸರು, ಹೀಗೆ ಕಾಗದದ ಮೇಲೆ ಯಾರು ಬೇಕಾದರೂ ಇರುತ್ತಾರೆ. ಆ ಹೆಂಗಸು ತಾನೇ ಬಂದು ಕೌಂಟರಿನ ಹಿಂದೆ ಕುರ್ಚಿ ಹಾಕಿಕೊಂಡು ಕೂತರೆ ಮಾತ್ರ ಊರಿಗೆ ಹೊಟ್ಟೆನೋವು ಶುರುವಾಗುತ್ತದೆ. ಅಜ್ಜಂಪುರದಲ್ಲಿ ಸ್ಟೇಷನ್ ಕಡೆಗೆ ಹೋಗುವ ರಸ್ತೆಯಲ್ಲಿ ನಾನು ಹಾಗೆ ಕುರ್ಚಿ ಹಾಕಿಕೊಂಡು ಕೂತೆ. ಇವತ್ತಿಗೂ ಕೂತಿದ್ದೇನೆ. ಹೊಟ್ಟೆನೋವು ಅವರದು, ಅಂಗಡಿ ನನ್ನದು.

ಹುಟ್ಟಿದ್ದು ಕಡೂರಿನಲ್ಲಿ. ಯುಗಾದಿಯ ಮಾರನೆಯ ದಿನ, ವರ್ಷದ ತೊಡಕಿಗೆ, ನಮ್ಮ ಜಗಲಿಯ ಮೇಲೆ ಇಸ್ಪೀಟಿನ ಕಟ್ಟು ಬೀಳುತ್ತಿತ್ತು. ಹೆಂಗಸರೂ ಆಡುತ್ತಿದ್ದೆವು. ಆ ಒಂದು ದಿನ ಬಿಟ್ಟು ಇನ್ನೊಂದು ದಿನ ಎಲೆ ಮುಟ್ಟಿದರೆ ಕೈ ಮುರಿಯುತ್ತೇನೆ ಎನ್ನುತ್ತಿದ್ದ ನಮ್ಮಪ್ಪ, ತಾವು ಮಾತ್ರ ವಾರಕ್ಕೆ ಮೂರು ಸಂಜೆ ಕ್ಲಬ್ಬಿಗೆ ಹೋಗುತ್ತಿದ್ದರು. ಕೇಳಿದರೆ, "ಅಲ್ಲಿ ರಮ್ಮಿ ಕಣಮ್ಮ, ಬುದ್ಧಿ ಆಟ. ಅಂದರ್ ಬಾಹರ್ ಆಡಿದ್ರೆ ಪೊಲೀಸ್ನೋರು ಬತ್ತಾರೆ, ರಮ್ಮಿಗೆ ಬರಲ್ಲ" ಎನ್ನುತ್ತಿದ್ದರು. ಅದೇ ಐವತ್ತೆರಡು ಎಲೆ, ಅದೇ ಜಮಖಾನ. ಒಂದು ಆಟಕ್ಕೆ ಮೆಂಬರ್‌ಷಿಪ್ಪು, ಇನ್ನೊಂದಕ್ಕೆ ಠಾಣೆ. ಕಾನೂನು ಎಂದರೆ ಎಲ್ಲೋ ಒಂದು ಕಡೆ ಗೆರೆ ಎಳೆಯುವ ಕೆಲಸ, ಆ ಗೆರೆ ಎಲ್ಲಿದೆ ಎಂದು ಸರಿಯಾಗಿ ತಿಳಿದುಕೊಂಡವರು ನೆಮ್ಮದಿಯಾಗಿ ಮಲಗುತ್ತಾರೆ ಎನ್ನುವುದನ್ನು ನಾನು ಅಪ್ಪನಿಂದಲೇ ಕಲಿತೆ.

ಮದುವೆಯಾಗಿ ಅಜ್ಜಂಪುರಕ್ಕೆ ಬಂದಾಗ ನಮ್ಮ ಮಾವ ಸಾರಾಯಿ ಕಂಟ್ರಾಕ್ಟುದಾರರು. ವರ್ಷಕ್ಕೊಮ್ಮೆ ಹರಾಜು ನಡೆಯುತ್ತಿತ್ತು. ಆ ದಿನ ಬೆಳಿಗ್ಗೆ ಗರಿಗರಿ ಪಂಚೆ ಉಟ್ಟು, ಯಾರ ಜೊತೆಗೂ ಮಾತಾಡದೆ ಹೊರಡುತ್ತಿದ್ದರು. ಗೆದ್ದು ಬಂದರೆ ಮನೆಯಲ್ಲಿ ಒಬ್ಬಟ್ಟು, ಸೋತು ಬಂದರೆ ಮಕ್ಕಳೂ ಅಳುವಂತಿರಲಿಲ್ಲ. ಆಮೇಲೆ ಸರ್ಕಾರ ಸಾರಾಯಿಯನ್ನೇ ನಿಲ್ಲಿಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಲಾಟರಿಯನ್ನೂ ನಿಲ್ಲಿಸಿತು. ನಮ್ಮದೇ ಇನ್ನೊಂದು ಬಾಟಲಿ ಅಂಗಡಿಯ ಮುಂದೆ ದಾರ ಕಟ್ಟಿ ಲಾಟರಿ ಟಿಕೆಟ್ಟು ನೇತುಹಾಕುತ್ತಿದ್ದ ನಮ್ಮ ಮನೆಯವರಿಗೆ, ಮಾವನಿಗೆ, ಇಬ್ಬರಿಗೂ ಒಂದೇ ಏಟು. ಉಳಿದದ್ದು ಬಾಟಲಿ ಮಾರುವ ಸನ್ನದು ಮಾತ್ರ. ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದವರು ರಟ್ಟಿನ ಡಬ್ಬಿಯ ವಿಸ್ಕಿಗೆ ಬಂದರು. ಲಾಟರಿ ಕೊಳ್ಳುತ್ತಿದ್ದವರ ಮಕ್ಕಳು ಈಗ ನನ್ನ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಕೂತು ಮೊಬೈಲು ಉಜ್ಜುತ್ತಾ ದುಡ್ಡಿನ ರಮ್ಮಿ ಆಡುತ್ತಾರೆ. ಅದನ್ನೂ ಸರ್ಕಾರ ನಿಲ್ಲಿಸುತ್ತದೆ, ಕೋರ್ಟು ಬಿಡಿಸುತ್ತದೆ, ಮತ್ತೆ ನಿಲ್ಲಿಸುತ್ತದೆ. ನೋಡಿ ನೋಡಿ ನನಗೆ ಅಭ್ಯಾಸವಾಗಿದೆ.

ನಮ್ಮ ಮನೆಯವರು ಕುಡಿದೇ ತೀರಿಕೊಂಡರು. ಇದನ್ನು ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಬೇರೆಯವರ ಅಂಗಡಿಗೆ ಹೋಗಿ ಕುಡಿಯುತ್ತಿದ್ದರೆ ಯಾರಾದರೂ ಒಂದು ದಿನ "ಸಾಕು ಹೋಗಣ್ಣ ಮನೆಗೆ" ಎಂದಿರುತ್ತಿದ್ದರೋ ಏನೋ. ಆದರೆ ಅಂಗಡಿ ಅವರದು, ಬೀಗ ಅವರದು. ಅಂಗಡಿ ಮುಚ್ಚಿದ ಮೇಲೆ ಕೀಲಿ ನನ್ನ ಹತ್ತಿರ ಇರುತ್ತಿತ್ತು. ಅವರು ಕೈ ಚಾಚಿದಾಗಲೆಲ್ಲ ನಾನು ಕೊಡುತ್ತಿದ್ದೆ. ಜಗಳ ಮಾಡಿ ಕೊಡುತ್ತಿದ್ದೆ, ಅತ್ತು ಕೊಡುತ್ತಿದ್ದೆ, ಆದರೆ ಕೊಡುತ್ತಿದ್ದೆ.

ಅವರು ಹೋದ ಮೇಲೆ ಸನ್ನದನ್ನು ಯಾರಿಗಾದರೂ ವಹಿಸಿಬಿಡು ಎಂದು ನೆಂಟರೆಲ್ಲ ಹೇಳಿದರು. ನಾನು ಮರಣಪತ್ರ, ವಂಶವೃಕ್ಷ ಎಲ್ಲ ಹಿಡಿದುಕೊಂಡು ತರೀಕೆರೆಯ ಅಬಕಾರಿ ಕಚೇರಿಗೆ ಹೋಗಿ, ಬೆಂಚಿನ ಮೇಲೆ ಹದಿನೈದು ದಿನ ಕೂತು, ಅದನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಅದರ ಬೆನ್ನಿಗೆ ಅಚ್ಚಾದ ಷರತ್ತುಗಳನ್ನು ಓದಿ ಓದಿ ಬಾಯಿಪಾಠ ಮಾಡಿದೆ. ನಮ್ಮದು ಬಾಟಲಿ ಕೊಟ್ಟು ಕಳಿಸುವ ಅಂಗಡಿ, ಅಲ್ಲೇ ಕುಡಿಯುವಂತಿಲ್ಲ. ಮೆಟ್ಟಿಲ ಮೇಲೆ ಕೂತು ಮುಚ್ಚಳ ತಿರುಗಿಸಿದವರ ಕಾಲಿಗೆ ಒಂದು ಬಕೆಟ್ ನೀರು ಸುರಿಯುತ್ತಿದ್ದೆ. ಮೀಸೆ ಬಾರದವರು ಬಂದರೆ ಅವರ ಅಪ್ಪನಿಗೆ ಫೋನು. ಚುನಾವಣೆ ಬಂದಾಗ ಅಧಿಕಾರಿಗಳು ಬಂದು ಬೀಗಕ್ಕೆ ಬಟ್ಟೆ ಸುತ್ತಿ, ಅರಗು ಸುರಿದು ಮೊಹರು ಹಾಕುವ ಮೊದಲೇ ನಾನು ಬಟ್ಟೆ, ಅರಗು, ಮೇಣದಬತ್ತಿ ತಟ್ಟೆಯಲ್ಲಿಟ್ಟುಕೊಂಡು ಕಾಯುತ್ತಿದ್ದೆ. "ಅಮ್ಮಾವ್ರೇ, ನಿಮ್ಮಂಗೆ ಎಲ್ಲಾರೂ ಇದ್ರೆ ನಮ್ಗೆ ಕೆಲ್ಸನೇ ಇರಕಿಲ್ಲ" ಎಂದು ಒಬ್ಬ ಗಾರ್ಡ್ ಹೇಳಿದ್ದ.

ಅಜ್ಜಂಪುರ ತಾಲ್ಲೂಕಾದ ಮೇಲೆ ಹೊಸ ಕಚೇರಿ, ಹೊಸ ಬೋರ್ಡು, ಹೊಸ ಉತ್ಸಾಹ. ಎಲ್ಲ ಅಂಗಡಿಗಳನ್ನೂ ಇನ್ನೊಮ್ಮೆ ಅಳೆಯಬೇಕೆಂದಾಯಿತು. ಶಾಲೆ, ಆಸ್ಪತ್ರೆ, ಗುಡಿ, ಮಸೀದಿ, ಯಾವುದಕ್ಕೂ ನೂರು ಮೀಟರಿನೊಳಗೆ ಮದ್ಯದಂಗಡಿ ಇರಬಾರದು. ಅಳೆಯುವುದಕ್ಕೂ ಒಂದು ಕ್ರಮವಿದೆ. ಹಕ್ಕಿ ಹಾರಿದ ಹಾಗೆ ನೇರಕ್ಕೆ ಅಳೆಯುವಂತಿಲ್ಲ. ಅಂಗಡಿ ಬಾಗಿಲಿನ ನಟ್ಟನಡುವಿನಿಂದ ಆ ಕಡೆಯ ಬಾಗಿಲಿನ ನಟ್ಟನಡುವಿಗೆ, ಜನ ಮಾಮೂಲಾಗಿ ನಡೆದು ಹೋಗುವ ದಾರಿಯಲ್ಲಿ ಅಳೆಯಬೇಕು. ನನ್ನ ಅಂಗಡಿಯ ಸಾಲಿನಲ್ಲೇ ಮುಂದಕ್ಕೆ ಸರ್ಕಾರಿ ಶಾಲೆ ಇದೆ. ಸರ್ವೆಯವರು ಟೇಪು ಹಿಡಿದು ಹೊರಟರು. ನೂರು ಮೀಟರ್ ಮುಗಿದದ್ದು ಒಂದು ಹೊಂಗೆ ಮರದ ಬುಡದಲ್ಲಿ. ಶಾಲೆಯ ಗೇಟು ಅಲ್ಲಿಂದ ಇನ್ನೂ ಹದಿನಾಲ್ಕು ಮೀಟರ್.

ಗೆದ್ದೆ. ಗೆದ್ದವಳು ಸುಮ್ಮನಿರಬೇಕಿತ್ತು. "ಕಾಗದದಲ್ಲಿ ಬರೆದ್ರೆ ನಾಳೆ ಇನ್ನೊಬ್ರು ಬಂದು ಮತ್ತೆ ಅಳೀತಾರೆ ಸಾರ್, ಇಲ್ಲೊಂದು ಕಲ್ಲು ನೆಡ್ಸಿ" ಎಂದು ಇನ್ಸ್‌ಪೆಕ್ಟರಿಗೆ ದುಂಬಾಲು ಬಿದ್ದೆ. ಅವರು ನಕ್ಕು ಒಪ್ಪಿದರು. ಮೊಣಕಾಲೆತ್ತರದ ಕಲ್ಲು ತರಿಸಿ ನೆಡಿಸಿ, ತಲೆಗೆ ಕೆಂಪು ಪೇಂಟು ಬಳಿಸಿದೆ. ಹೊಲದ ಬಾಂದುಕಲ್ಲು ನೆಟ್ಟಾಗ ನಮ್ಮ ಮನೆಗಳಲ್ಲಿ ಬರಿಗೈಯಲ್ಲಿ ಬಿಟ್ಟು ಬರುವ ಪದ್ಧತಿಯಿಲ್ಲ. ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಯುತ್ತೇವೆ. ನಾನೂ ಹಾಗೇ ಮಾಡಿದೆ. ನಿಜ ಹೇಳಬೇಕೆಂದರೆ, ಗಂಡ ಹೋದ ಮೇಲೆ ಮನೆಯ ಯಾವ ಶುಭಕಾರ್ಯದಲ್ಲೂ ನನ್ನ ಕೈಗೆ ಕುಂಕುಮದ ಬಟ್ಟಲು ಕೊಟ್ಟಿರಲಿಲ್ಲ. ಅವತ್ತು ಯಾರೂ ತಡೆಯುವವರಿರಲಿಲ್ಲ. ಧಾರಾಳವಾಗಿ ಹಚ್ಚಿದೆ, ಖುಷಿಯಿಂದ ಹಚ್ಚಿದೆ.

ಮೊದಲ ಮಂಗಳವಾರ ಕಲ್ಲಿನ ಮೇಲೆ ಒಂದು ಮೊಳ ಕನಕಾಂಬರ ಇತ್ತು. ಅದರ ಮುಂದಿನ ವಾರ ಊದುಬತ್ತಿಯ ಕಡ್ಡಿಗಳಿದ್ದವು. ಪರೀಕ್ಷೆಯ ಕಾಲಕ್ಕೆ ಶಾಲೆಯ ಮಕ್ಕಳು ಪೆನ್ನು ಮುಟ್ಟಿಸಿಕೊಂಡು ಹೋಗತೊಡಗಿದರು. ಅರಿಶಿನ ಕುಂಕುಮ ಹಚ್ಚಿದ ಕಲ್ಲು, ಮರದ ಬುಡ. ನಮ್ಮ ಜನಕ್ಕೆ ಇನ್ನೇನು ಬೇಕು? ಟೇಪು ಹಿಡಿದದ್ದನ್ನು ಕಂಡ ಯಾರೋ "ಅಳತೆಯಮ್ಮ" ಎಂದು ಹೆಸರಿಟ್ಟರು. ವರ್ಷ ತಿರುಗುವಷ್ಟರಲ್ಲಿ ಸಿಮೆಂಟಿನ ಕಟ್ಟೆ ಬಂತು. ಕಟ್ಟೆಗೆ ಅಂಗಡಿಯ ಕಡೆ ಎರಡು ಮೆಟ್ಟಿಲೂ ಬಂದವು. ಪಕ್ಕದ ವೆಲ್ಡಿಂಗ್ ಅಂಗಡಿಯ ಸಾಬರು ನಾಲ್ಕು ಕಂಬ ನಿಲ್ಲಿಸಿ ತಗಡು ಹೊದಿಸಿ, ಕೂಲಿ ಬೇಡವೆಂದರು. ನಾನು ಕೌಂಟರಿನಿಂದ ಎಲ್ಲವನ್ನೂ ನೋಡುತ್ತಾ ನಗುತ್ತಿದ್ದೆ.

ನಗು ನಿಂತದ್ದು ಆಣೆ ಶುರುವಾದ ಮೇಲೆ. ಶಾಲೆಯಲ್ಲಿ ಬಿಸಿಯೂಟ ಮಾಡುವ ಒಬ್ಬಳಿದ್ದಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳ ಗಂಡ ಮಂಡಿಯಲ್ಲಿ ಮೂಟೆ ಹೊರುವವನು, ನನ್ನ ದಿನದ ಗಿರಾಕಿ. ಒಂದು ಸಂಜೆ ಅವಳು ನನ್ನ ಅಂಗಡಿಯ ಮುಂದಿನಿಂದಲೇ ಅವನನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಕಲ್ಲು ಮುಟ್ಟಿಸಿ, ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿಸಿದಳು. ಅವನು ಒಂದು ತಿಂಗಳು ಬರಲಿಲ್ಲ. ಎರಡು ತಿಂಗಳು ಬರಲಿಲ್ಲ. ಅದನ್ನು ಕಂಡು ಬೇರೆ ಹೆಂಗಸರೂ ತಮ್ಮ ತಮ್ಮ ಗಂಡಂದಿರನ್ನು ಹಿಡಿದು ತಂದರು. ನಾನು ನೆಟ್ಟ ಕಲ್ಲು ನನ್ನ ಗಿರಾಕಿಗಳನ್ನೇ ಒಬ್ಬೊಬ್ಬರಾಗಿ ತಿನ್ನತೊಡಗಿತು.

ಆ ವರ್ಷ, ಜೂನ್ ಕೊನೆಗೆ ಮುಗಿಯುವ ಸನ್ನದು ನವೀಕರಣಕ್ಕೆ ಬಂದಾಗ, ತಕರಾರು ಅರ್ಜಿ ಬಿತ್ತು. ಬಿಸಿಯೂಟದವಳೇ ಮುಂದಾಳು. ಹೆಂಗಸರೆಲ್ಲ ಸೇರಿ ಗುಡಿಯ ಹೆಸರಲ್ಲಿ ಸಂಘ ಮಾಡಿ, ನೋಂದಣಿ ಮಾಡಿಸಿ, ಗುಡಿಯ ನೂರು ಮೀಟರಿನೊಳಗೆ ಮದ್ಯದಂಗಡಿ ಇದೆ, ನವೀಕರಿಸಬಾರದು ಎಂದು ಬರೆದಿದ್ದರು. ಕಲ್ಲು ಸರಿಯಾಗಿ ನೂರಕ್ಕೇ ಇತ್ತು. ಆದರೆ ಕಟ್ಟೆ, ಮೆಟ್ಟಿಲು ನನ್ನ ಕಡೆಗೆ ಬೆಳೆದುಬಿಟ್ಟಿದ್ದವು. ಗುಡಿಯ ಬಾಗಿಲೆಂದರೆ ಈಗ ಆ ಮೆಟ್ಟಿಲು. ಒಂದು ಮೀಟರಿನ ಹತ್ತಿರ ಹತ್ತಿರ ಕಡಿಮೆ ಬೀಳುತ್ತಿತ್ತು. ನನ್ನ ಬದುಕು, ಇಬ್ಬರು ಸೇಲ್ಸ್‌ಮನ್‌ಗಳ ಮನೆ, ಎಲ್ಲ ಆ ಎರಡು ಮೆಟ್ಟಿಲ ಮೇಲೆ ನಿಂತಿತ್ತು.

ನಾನು ಅವಳನ್ನೇ ಹೋಗಿ ಕೇಳಿದೆ. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಿದ್ದಳು.

"ಏನೇ, ನನ್ ಹೊಟ್ಟೆ ಮೇಲೆ ಹೊಡೀತಿದೀಯಲ್ಲ, ನಿಂಗೇನ್ ಮಾಡಿದ್ದೆ ನಾನು?"

"ನೀವೇನೂ ಮಾಡಿಲ್ಲ ಕಣಕ್ಕ," ಎಂದಳು. "ದಿನಾ ಸಂಜೆ ಮಂಡಿಯಿಂದ ಅದೇ ದಾರೀಲಿ ಬತ್ತದೆ ನಮ್ಮನೇದು. ನಿಮ್ ಅಂಗಡಿ ಮುಂದೆ ಬಂದೇಟ್ಗೆ ಕಾಲು ನಿಂತೋಗ್ತದಂತೆ. ಎಷ್ಟು ದಿನಾಂತ ತಡ್ಕೊಂಡಾನು? ಅಂಗಡಿ ಹೋದ್ರೆ ನನ್ ಮನೆ ಉಳೀತದೆ."

ಸಿಟ್ಟು ನೆತ್ತಿಗೇರಿತ್ತು. ಆದರೆ ಗಂಡನ ಕೈಗೆ ಕೀಲಿ ಕೊಟ್ಟವಳು ನಾನು. ತಿರುಗಿ ಅಂಗಡಿಗೆ ನಡೆದೆ.

ಮಾರನೆಯ ದಿನ ತರೀಕೆರೆಗೆ ಹೋದೆ. ಪರಿಚಯದ ವಕೀಲರೊಬ್ಬರು ಮೊದಲ ಅಳತೆಯ ಪಂಚನಾಮೆಯ ನಕಲು ನೋಡಿ ಚಪ್ಪಾಳೆ ತಟ್ಟಿದರು. "ಕೇಸ್ ಗೆದ್ದಂಗೇ ಬಿಡ್ರೀ. ಇದು ಗುಡೀನೇ ಅಲ್ಲ, ಅಳತೆ ಕಲ್ಲು. ಕುಂಕುಮ ಹಚ್ಚಿದ್ದೂ ನೀವೇ. ಜನದ ಮುಂದೆ ನಿಂತು ಅದನ್ನ ಹೇಳ್ಬಿಡಿ, ಮುಗೀತು."

ಮುಗಿಯುತ್ತಿತ್ತು, ನಿಜ. ಬಸ್ಸಿನಲ್ಲಿ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಆಡಿಸಿ ನೋಡಿದೆ. ಅದು ಕಲ್ಲು ಕಣ್ರಮ್ಮ, ನಾನೇ ನೆಡಿಸಿದ್ದು. ಹೇಳಿದ ತಕ್ಷಣ ಅಷ್ಟೂ ಗಂಡಸರ ಆಣೆ ಬಿಡುಗಡೆ. ಕಲ್ಲಿನ ಮೇಲಿನ ಆಣೆಗೆ ಯಾರು ಹೆದರುತ್ತಾರೆ? ಎಲ್ಲರೂ ಮಾರನೆಯ ಸಂಜೆಯೇ ನನ್ನ ಕೌಂಟರಿಗೆ ಬರುತ್ತಾರೆ. ಅಜ್ಜಂಪುರದಲ್ಲಿ ಬಸ್ಸಿಳಿಯುವಷ್ಟರಲ್ಲಿ ತೀರ್ಮಾನವಾಗಿತ್ತು. ಅದು ಕಲ್ಲು ಎಂದು ನನ್ನ ಬಾಯಿಂದ ಬರುವುದಿಲ್ಲ. ಕುಂಕುಮ ಇಟ್ಟಿದ್ದೇನೆ, ಇಟ್ಟಾಗಿದೆ. ಅಳೆಯಲಿ. ಬಂದದ್ದು ಬರಲಿ.

ಅಳೆಯುವ ದಿನ ಅರ್ಧ ಊರು ಸೇರಿತ್ತು. ಅದೇ ಇನ್ಸ್‌ಪೆಕ್ಟರು, ಅದೇ ಸರ್ವೆಯವರು. ಕಲ್ಲು ನೆಟ್ಟ ಮೇಲೆ, ಆಣೆಗಳು ಶುರುವಾಗುವ ಮೊದಲೇ, ರಸ್ತೆ ಅಗಲ ಮಾಡಿ ಅದರ ಪಕ್ಕಕ್ಕೆ ಆಳವಾದ ಚರಂಡಿ ತೆಗೆದಿದ್ದರು. ನನ್ನ ಅಂಗಡಿ, ಗುಡಿ, ಶಾಲೆ ಮೂರೂ ಚರಂಡಿಯ ಆಚೆ. ಅಂಗಡಿಗೂ ಗುಡಿಗೂ ನಡುವೆ ಕಟ್ಟಡಗಳು ಚರಂಡಿಯ ಅಂಚಿನವರೆಗೂ ಇದ್ದುದರಿಂದ ಆ ಬದಿಯಲ್ಲೇ ನಡೆದು ಹೋಗಲು ದಾರಿಯಿಲ್ಲ. ನನ್ನ ಬಾಗಿಲಿಗೆ ಒಂದು ಚಪ್ಪಡಿ, ಶಾಲೆಯ ಗೇಟಿಗೆ ಒಂದು ಚಪ್ಪಡಿ. ನಡುವೆ ಗುಡಿಯ ಎದುರಿಗೆ ಮಾತ್ರ ಭಕ್ತರು ಒಂದು ತೆಂಗಿನ ದಿಮ್ಮಿ ಅಡ್ಡ ಹಾಕಿಕೊಂಡಿದ್ದರು. ಸರ್ವೆಯವರು ನನ್ನ ಚಪ್ಪಡಿ ದಾಟಿ, ರಸ್ತೆಯಲ್ಲಿ ನಡೆದು, ದಿಮ್ಮಿಯ ಮೇಲೆ ಟೇಪು ಎಳೆದು ಮೆಟ್ಟಿಲು ಮುಟ್ಟಿಸಿದರು. ತೊಂಬತ್ತೊಂಬತ್ತು ಮೀಟರ್, ಮೇಲೆ ಸ್ವಲ್ಪ. ಹೆಂಗಸರ ಗುಂಪಿನಲ್ಲಿ ಗುಜುಗುಜು ಎದ್ದಿತು. ನನ್ನ ಸೇಲ್ಸ್‌ಮನ್ ತಲೆ ತಗ್ಗಿಸಿದ.

ಇನ್ಸ್‌ಪೆಕ್ಟರು ಬರೆಯುವ ಮೊದಲು ಪುಸ್ತಕ ತೆರೆದು ನಿಯಮ ನೋಡಿದರು. ಆಮೇಲೆ ಕೇಳಿದರು: "ಆ ಅಂಗಡಿಯಿಂದ ಈ ಗುಡಿಗೆ ಜನ ಮಾಮೂಲಾಗಿ ಬರೋದು ಯಾವ ದಾರೀಲಿ? ಈ ದಿಮ್ಮಿ ಮೇಲೇನಾ?"

ಊರಿನಿಂದ ಗುಡಿಗೆ ಬರುವವರೆಲ್ಲ ದಿಮ್ಮಿಯ ಮೇಲೇ ಬರುತ್ತಾರೆ. ಆದರೆ ಅಂಗಡಿಯಿಂದ ಗುಡಿಗೆ? ನಾನು ಅಂಗಡಿಯವಳು, ನನ್ನ ಮಾತು ನಡೆಯುವುದಿಲ್ಲ. ಅಂಗಡಿಯಿಂದ ನೇರ ಗುಡಿಗೆ ಬಂದವರು ಆಣೆಗೆ ಎಳೆಸಿಕೊಂಡು ಬಂದ ಗಂಡಸರು, ಅವರನ್ನು ಎಳೆದು ತಂದ ಹೆಂಗಸರು ಮಾತ್ರ.

ಬಿಸಿಯೂಟದವಳು ಮುಂದೆ ನಿಂತಿದ್ದಳು. ಹೂಂ ಎಂದಿದ್ದರೆ ನನ್ನ ಸನ್ನದು ಅಲ್ಲಿಗೆ ಮುಗಿಯುತ್ತಿತ್ತು. ಅವಳು ಒಮ್ಮೆ ಗುಡಿಯ ಕಡೆ ನೋಡಿದಳು, ಒಮ್ಮೆ ನನ್ನ ಕಡೆ.

"ಇಲ್ಲ ಸಾರ್," ಎಂದಳು. "ಅಮ್ಮನ ಮುಂದೆ ಸುಳ್ಳು ಹೇಳಕ್ಕಾಗಲ್ಲ. ನಮ್ಮನೇರ್ನ ಹಿಡ್ಕೊಂಡು ಬಂದ್ನಲ್ಲ, ಆವಾಗ ದಿಮ್ಮಿ ಮೇಲೆ ಬರಕ್ಕಾಗ್ಲಿಲ್ಲ. ಕುಡ್ದೋರು ದಿಮ್ಮಿ ಮೇಲೆ ಎಲ್ಲಿ ನಡೆದಾರು? ಶಾಲೆ ಚಪ್ಪಡಿ ತಂಕ ಕರ್ಕೊಂಡೋಗಿ, ಅಲ್ಲಿ ದಾಟ್ಸಿ, ವಾಪಸ್ ಕರ್ಕೊಂಬಂದೆ. ಎಲ್ಲಾರೂ ಅಂಗೇ ಬರೋದು."

"ನಿಜವೇನ್ರಮ್ಮಾ?" ಎಂದು ಇನ್ಸ್‌ಪೆಕ್ಟರು ಉಳಿದವರನ್ನು ಕೇಳಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೌದೆಂದರು. ಸರ್ವೆಯವರು ಟೇಪು ಸುತ್ತಿ ಮತ್ತೆ ಅಳೆದರು. ಶಾಲೆಯ ಚಪ್ಪಡಿಯವರೆಗೆ ಹೋಗಿ, ದಾಟಿ, ಹಿಂದಕ್ಕೆ ಬಂದು ಮೆಟ್ಟಿಲಿಗೆ. ನೂರ ಇಪ್ಪತ್ತೊಂಬತ್ತು ಮೀಟರ್.

ಜನ ಚದುರಿದರು. ಅವಳು ಕಟ್ಟೆಯ ಮೇಲೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಗೆದ್ದೆನೆಂಬ ಖುಷಿ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದರ ಜೊತೆಗೆ ನಾಚಿಕೆಯೂ ಇತ್ತು.

"ನಾನು ನಿಜ ಹೇಳ್ದೆ ಕಣಕ್ಕ," ಎಂದಳು. "ನೀವೂ ಅಮ್ಮನ ಮುಂದೆ ಒಂದು ನಿಜ ಹೇಳಿ. ನಮ್ಮನೇದು ಮತ್ತೆ ಬಂದು ದುಡ್ಡು ಚಾಚಿದ್ರೆ, ಕೊಡ್ತೀರೋ, ಇಲ್ವೋ?"

"ಕೊಡಲ್ಲ," ಎಂದೆ. ಯೋಚನೆ ಮಾಡದೆ ಬಂತು ಮಾತು.

"ಅವ್ರೊಬ್ರಿಗಾ?"

"ಈ ಕಲ್ಲು ಮುಟ್ಟಿದ ಯಾರಿಗೂ ಕೊಡಲ್ಲ."

ಕಲ್ಲು ಎಂಬ ಮಾತು ಅಲ್ಲಿ ನನ್ನ ಬಾಯಿಂದ ಬಂದೇಬಿಟ್ಟಿತು. ಅವಳು ನಕ್ಕಳು. "ನಂಗೊತ್ತಿಲ್ವಾ? ನೀವು ಕುಂಕುಮ ಹಚ್ಚೋದ್ನ ಅವತ್ತು ಗೇಟ್ ಹತ್ರ ನಿಂತು ನೋಡ್ತಿದ್ದೆ. ಮೊದಲ್ನೇ ಕನಕಾಂಬರ ನಂದೇ."

ಸನ್ನದು ನವೀಕರಣವಾಗಿ ಬಂತು. ಚೌಕಟ್ಟು ಒರೆಸಿ ಗೋಡೆಗೆ ಹಾಕಿದೆ. ಅದರ ಷರತ್ತುಗಳ ಪಟ್ಟಿಯಲ್ಲಿ ನನ್ನ ಹೊಸ ಷರತ್ತು ಇಲ್ಲ. ಸೇಲ್ಸ್‌ಮನ್‌ಗಳಿಗೆ ಬಾಯಲ್ಲೇ ಹೇಳಿದ್ದೆ. ಅವರು, "ಗಿರಾಕಿ ಕಳಕೊಂಡು ಅಂಗಡಿ ನಡ್ಸೋದು ಎಲ್ಲಾದ್ರೂ ಉಂಟಾ ಅಮ್ಮಾ?" ಎಂದರು. ನಾನು ಉಂಟು ಎಂದೆ.

ಮಳೆಗಾಲ ಕಳೆದ ಮೇಲೆ ಒಂದು ದಿನ, ಶಾಲೆ ಬಿಟ್ಟು ಬಿಸಿಯೂಟದವಳು ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಹೊತ್ತಿನಲ್ಲಿ, ಅವಳ ಗಂಡ ಬಂದ. ಹೆಗಲ ಮೇಲೆ ಮೂಟೆ ಹೊತ್ತ ಧೂಳು ಹಾಗೇ ಇತ್ತು. ಕೌಂಟರಿನ ಮೇಲೆ ನೋಟು ಇಟ್ಟು, ಹಳೆಯ ಬ್ರಾಂಡಿನ ಕಡೆ ಬೆರಳು ತೋರಿಸಿದ.

"ಇಲ್ಲಪ್ಪ."

"ಯಾಕಕ್ಕಾ? ಅಲ್ಲೇ ಕಾಣ್ತದಲ್ಲ."

"ಐತೆ. ನಿಂಗಿಲ್ಲ."

ಅವನಿಗೆ ರೇಗಿತು. "ಲೈಸನ್ಸ್ ಕೊಟ್ಟಿರೋದು ಮಾರಾಕಲ್ವಾ? ದುಡ್ಡು ಕೊಟ್ರೂ ಇಲ್ಲ ಅನ್ನಾಕೆ ಯಾವ ರೂಲ್ಸ್‌ನಾಗೈತೆ?"

"ಯಾವ ರೂಲ್ಸ್‌ನಾಗೂ ಇಲ್ಲ. ನನ್ ಬಾಯಾಗೈತೆ. ಸಾಕು ಹೋಗಣ್ಣ ಮನೆಗೆ."

ಅಷ್ಟು ಸಲೀಸಾಗಿ ಬರುತ್ತದೆ ಆ ಮಾತು ಎಂದು ನನಗೆ ಗೊತ್ತಿರಲಿಲ್ಲ. ಅದೇ ಕುರ್ಚಿಯಲ್ಲಿ ಕೂರುತ್ತಿದ್ದ ಒಬ್ಬರಿಗೆ ಆ ಮಾತನ್ನು ಹೇಳಬೇಕಾಗಿತ್ತು, ಕೀಲಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ನಿಲ್ಲಬೇಕಾಗಿತ್ತು. ಆಗ ನನಗೆ ಧೈರ್ಯ ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ಅವನು ನನ್ನ ಮುಖ ನೋಡಿ, ನೋಟು ತೆಗೆದು ಮಡಚಿ ಜೇಬಿಗಿಟ್ಟ.

ಬೀರೂರಿನ ಕಡೆ ಇನ್ನೊಂದು ಅಂಗಡಿ ಇದೆ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ಚಪ್ಪಡಿ ದಾಟಿ ರಸ್ತೆಗೆ ಇಳಿದವನು ಒಮ್ಮೆ ಆ ಕಡೆ ನೋಡಿದ. ನಾನು ಕುರ್ಚಿಯಿಂದ ಎದ್ದು ಬಾಗಿಲಿಗೆ ಬಂದು ನೋಡುತ್ತಿದ್ದೆ. ಅವನು ಶಾಲೆಯ ಕಡೆಗೆ ತಿರುಗಿದ. ಗುಡಿಯ ಎದುರಿಗೆ ಬಂದ. ಶಾಲೆಯ ಚಪ್ಪಡಿಯವರೆಗೆ ಹೋಗಲಿಲ್ಲ. ತೆಂಗಿನ ದಿಮ್ಮಿಯ ಮೇಲೆ ಕಾಲಿಟ್ಟು, ತೂರಾಡದೆ, ನೇರವಾಗಿ ದಾಟಿ ಹೆಂಡತಿ ಕೂತಿದ್ದ ಕಟ್ಟೆಗೆ ಹೋದ.

ಆ ದಾರಿಯಲ್ಲಿ ಅಳೆದರೆ ನನ್ನ ಅಂಗಡಿ ನೂರು ಮೀಟರಿನೊಳಗೇ ಬರುತ್ತದೆ. ಅಳೆಯುವವರು ಬಂದರೆ ಬರಲಿ, ಈ ಸಲ ಆ ದಿಮ್ಮಿಯ ದಾರಿಯನ್ನು ನಾನೇ ತೋರಿಸುತ್ತೇನೆ.